ನಿಶ್ಚಿತಾರ್ಥದ ಉಂಗುರಕ್ಕೆ ಜೊತೆಯಾಗುವ ವಜ್ರದ ಉಂಗುರ: ಆರಿಸುವವರಿಗೆ ಸಮಗ್ರ ಮಾರ್ಗದರ್ಶಿ

ನಿಶ್ಚಿತಾರ್ಥದಲ್ಲಿ ತೊಡಿಸಿದ ಉಂಗುರ ಬೆರಳಲ್ಲಿದೆ. ಮದುವೆಗೋ, ಮೊದಲ ವರ್ಷದ ವಾರ್ಷಿಕೋತ್ಸವಕ್ಕೋ, ಅಕ್ಷಯ ತೃತೀಯಕ್ಕೋ ಅದರ ಪಕ್ಕ ಇನ್ನೊಂದು ವಜ್ರದ ಉಂಗುರ ಬೇಕು ಅನ್ನುವ ಆಸೆ. ಅಂಗಡಿಯಲ್ಲಿ ಟ್ರೇ ಮುಂದೆ ಕೂತರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಮನೆಗೆ ಬಂದು ಎರಡನ್ನೂ ಒಟ್ಟಿಗೆ ಹಾಕಿಕೊಂಡಾಗ ತೊಂದರೆ ಗೊತ್ತಾಗುತ್ತದೆ. ನಡುವೆ ಸಂದಿ ಬೀಳುತ್ತದೆ. ಒಂದು ಇನ್ನೊಂದನ್ನು ಪಕ್ಕಕ್ಕೆ ತಳ್ಳುತ್ತದೆ. ಹಳದಿ ಬಣ್ಣ ಎರಡರಲ್ಲೂ ಬೇರೆ ಬೇರೆ. ಕೆಲವು ತಿಂಗಳಾದ ಮೇಲೆ ನೋಡಿದರೆ ಹಳೆಯ ಉಂಗುರದ ಅಂಚು ಉಜ್ಜಿ ಸವೆದಿರುತ್ತದೆ.

ಇದಕ್ಕೆಲ್ಲ ಕಾರಣ ಒಂದೇ. ಹೊಸ ಉಂಗುರವನ್ನು ಒಂಟಿಯಾಗಿ ನೋಡಿ ಆರಿಸುತ್ತೇವೆ. ಆದರೆ ಅದು ಬದುಕಬೇಕಾಗಿರುವುದು ಇನ್ನೊಂದರ ಜೊತೆ. ಹಾಗಾಗಿ ಹುಡುಕಾಟ ಶುರುವಾಗಬೇಕಾದ್ದು ಈಗಾಗಲೇ ಬೆರಳಲ್ಲಿರುವ ಉಂಗುರದಿಂದ. ಅದರ ಆಕಾರ, ಎತ್ತರ, ಲೋಹ ಮೊದಲು. ವಜ್ರದ ಕ್ಯಾರೆಟ್, ಬಣ್ಣ, ಶುದ್ಧತೆಯ ಮಾತು ಆಮೇಲೆ.

ವಿಷಯ ಸ್ಪಷ್ಟವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. 18 ಕ್ಯಾರೆಟ್ ಹಳದಿ ಚಿನ್ನದ ಸಾಲಿಟೇರ್, ಅಂದರೆ ಒಂಟಿ ಹರಳಿನ ಉಂಗುರ. ಮಧ್ಯದಲ್ಲಿ 50 ಸೆಂಟಿನ (ಅರ್ಧ ಕ್ಯಾರೆಟ್ ತೂಕದ) ದುಂಡು ವಜ್ರ, ಸುಮಾರು 5 ಮಿ.ಮೀ. ಅಗಲ. ನಾಲ್ಕು ಪ್ರಾಂಗ್, ಅಂದರೆ ಹರಳನ್ನು ಹಿಡಿದಿರುವ ನಾಲ್ಕು ಚಿಕ್ಕ ಕಾಲುಗಳು. ಉಂಗುರದ ಪಟ್ಟಿ 2 ಮಿ.ಮೀ. ಅಗಲ. ನಿಮ್ಮದು ಬೇರೆ ಥರ ಇರಬಹುದು. ನೋಡುವ ಕ್ರಮ ಮಾತ್ರ ಇದೇ.

ಹೆಜ್ಜೆ 1: ಇರುವ ಉಂಗುರವನ್ನು ಮೊದಲು ಅಳೆಯಿರಿ

ಉಂಗುರವನ್ನು ಬೆರಳಿಂದ ತೆಗೆಯಿರಿ. ಒಂದು ನೇರವಾದ ಸ್ಕೇಲ್ ತೆಗೆದುಕೊಂಡು ಅದರ ಅಂಚನ್ನು ಉಂಗುರದ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಪಟ್ಟಿಯ ಅಂಚು ಕೆಳಗಿಂದ ಮೇಲಿನವರೆಗೂ ಸ್ಕೇಲಿಗೆ ತಾಗಿದರೆ ನೇರವಾದ ಯಾವ ಬ್ಯಾಂಡ್ (ಪಕ್ಕಕ್ಕೆ ಬರುವ ಪಟ್ಟಿಯಂಥ ಉಂಗುರ) ಆದರೂ ಅಂಟಿಕೊಂಡು ಕೂರುತ್ತದೆ. ಹರಳು ಕೂತಿರುವ ಬುಟ್ಟಿಯ ಭಾಗ ಮೊದಲು ತಾಗಿ, ಪಟ್ಟಿ ಹಿಂದೆಯೇ ಉಳಿದರೆ ನೇರ ಬ್ಯಾಂಡ್ ಕೂರುವುದಿಲ್ಲ. ಎಷ್ಟು ಮಿ.ಮೀ. ಸಂದಿ ಇದೆಯೋ ಬರೆದುಕೊಳ್ಳಿ. ಅರ್ಧ ನಿಮಿಷದ ಕೆಲಸ. ಆದರೆ ಅಂಗಡಿಯಲ್ಲಿ ಅರ್ಧ ದಿನ ಉಳಿಯುತ್ತದೆ.

ಮಧ್ಯದ ಹರಳು ಎತ್ತರದಲ್ಲಿ ಕೂತಿದ್ದರೆ ಸಾಮಾನ್ಯವಾಗಿ ಬ್ಯಾಂಡ್ ಅದರ ಕೆಳಗೆ ಜಾಗ ಮಾಡಿಕೊಳ್ಳುತ್ತದೆ. ತಗ್ಗಿನಲ್ಲಿ ಕೂತಿದ್ದರೆ ಆ ಜಾಗ ಇರುವುದಿಲ್ಲ. ಸುತ್ತ ಚಿಕ್ಕ ವಜ್ರಗಳ ಬಳಸು ಇರುವ ಹೇಲೋ ಉಂಗುರಗಳಲ್ಲೂ ಈ ಸಮಸ್ಯೆ ಜಾಸ್ತಿ, ಯಾಕೆಂದರೆ ಹೇಲೋ ಎರಡೂ ಕಡೆ ಪಟ್ಟಿಗಿಂತ ಹೊರಗೆ ಚಾಚಿರುತ್ತದೆ.

ಇನ್ನು ಒಳಭಾಗದಲ್ಲಿ ಕೊರೆದಿರುವ ಗುರುತು ನೋಡಿ. 22ಕೆ916 ಅಂದರೆ 91.6% ಚಿನ್ನ. 18ಕೆ750 ಅಂದರೆ 75%. 14ಕೆ585 ಅಂದರೆ 58.5%. ಪ್ಲಾಟಿನಂ ಆಗಿದ್ದರೆ ಪಿಟಿ950 ಎಂದಿರುತ್ತದೆ. ಇದನ್ನೂ, ಪಟ್ಟಿಯ ಅಗಲ ಮತ್ತು ದಪ್ಪವನ್ನೂ ಬರೆದುಕೊಂಡು, ಮೇಲಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ ಗಮನಿಸಿ. ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ನಿಶ್ಚಿತಾರ್ಥದ ಉಂಗುರಗಳಲ್ಲಿ ಮಧ್ಯದಲ್ಲಿರುವುದು ಒಂದೇ ಹರಳಲ್ಲ. ಏಳೋ ಒಂಬತ್ತೋ ಚಿಕ್ಕ ಹರಳುಗಳನ್ನು ಒತ್ತಾಗಿ ಕೂರಿಸಿ ಒಂದೇ ದೊಡ್ಡ ಹರಳಿನಂತೆ ಕಾಣಿಸಿರುತ್ತಾರೆ. ಇದನ್ನು ಪ್ರೆಷರ್ ಸೆಟ್ಟಿಂಗ್ ಅನ್ನುತ್ತಾರೆ. ನಿಮ್ಮದು ಅಂಥದ್ದಾದರೆ ಪಕ್ಕಕ್ಕೆ ದೊಡ್ಡ ಬಿಡಿ ಹರಳುಗಳ ಬ್ಯಾಂಡ್ ಬೇಡ. ಅದರ ಮುಂದೆ ಮಧ್ಯದ ಗೊಂಚಲು ಚದುರಿದಂತೆ ಕಾಣುತ್ತದೆ. ಸಣ್ಣ ಹರಳುಗಳ ಸಾಲು ಚೆನ್ನಾಗಿ ಒಪ್ಪುತ್ತದೆ.

ಹೆಜ್ಜೆ 2: ಯಾವ ಕೈ, ಯಾವ ಬೆರಳು, ದಿನಾ ಹಾಕುತ್ತೀರಾ?

ಹೊರದೇಶದ ಮಾರ್ಗದರ್ಶಿಗಳಲ್ಲಿ ಈ ಪ್ರಶ್ನೆಯೇ ಇರುವುದಿಲ್ಲ. ಅಲ್ಲಿ ಹೆಚ್ಚಾಗಿ ಎಡಗೈ ಉಂಗುರದ ಬೆರಳು ಅಂತ ತೀರ್ಮಾನವಾಗಿರುತ್ತದೆ. ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ಮದುವೆಯ ಉಂಗುರಕ್ಕೆ ತನ್ನದೇ ಸ್ಥಾನವಿದೆ. ಮದುವೆಯ ಗುರುತಾಗಿ ತಾಳಿ, ಕಾಲುಂಗುರ ಇರುವ ಮನೆಗಳಲ್ಲಿ ಕೈಯುಂಗುರ ಇಂಥದ್ದೇ ಬೆರಳಲ್ಲಿ ಇರಬೇಕು ಅನ್ನುವ ಕಟ್ಟುನಿಟ್ಟು ಸಾಮಾನ್ಯವಾಗಿ ಇಲ್ಲ. ಅದು ಒಳ್ಳೆಯದೇ. ನಿಮಗೆ ಅನುಕೂಲವಾದ ಕೈ ಆರಿಸಬಹುದು.

ನಾವು ಬಲಗೈಲಿ ಊಟ ಮಾಡುವವರು. ಅನ್ನ ಸಾರು ಕಲಸುವಾಗ, ಅಕ್ಕಿ ರೊಟ್ಟಿ ತಟ್ಟುವಾಗ, ಚಪಾತಿ ಹಿಟ್ಟು ನಾದುವಾಗ ಎರಡು ಉಂಗುರಗಳ ನಡುವಿನ ಸಂದಿಗೆ ಮೊದಲು ಹೋಗುವುದು ಹಿಟ್ಟು, ಎಣ್ಣೆ, ಅರಿಶಿನ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಗಣಿಗಳಲ್ಲಿ ಇದೇ ಗುಣವನ್ನು ಬಳಸಿ, ಜಿಡ್ಡು ಸವರಿದ ಮೇಜಿನ ಮೇಲೆ ನೀರಿನ ಜೊತೆ ಅದಿರು ಹರಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದರು. ಹಾಗಾಗಿ ದಿನಾ ಹಾಕುವ ಜೋಡಿ ಉಂಗುರ ಎಡಗೈಯಲ್ಲಿರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಎಡಚರಿಗೆ ಲೆಕ್ಕ ಬೇರೆ.

ನರ್ಸ್, ಡಾಕ್ಟರ್, ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ದಿನಕ್ಕೆ ಹತ್ತಾರು ಸಲ ಗ್ಲೌಸ್ ಹಾಕಿ ತೆಗೆಯುವ ಕೆಲಸ. ಅವರಿಗೆ ಎತ್ತರದ ಪ್ರಾಂಗ್ ಸಾಲು ಬೇಡವೇ ಬೇಡ. ಹರಳು ಲೋಹದ ಮಟ್ಟಕ್ಕೇ ಕೂತ ಬ್ಯಾಂಡ್ ಬೇಕು. ಬರೀ ಮದುವೆ ಮುಂಜಿಗೆ ಹಾಕುವವರು ಇಷ್ಟೆಲ್ಲ ಯೋಚಿಸಬೇಕಿಲ್ಲ, ಮನಸ್ಸಿಗೆ ಬಂದ ವಿನ್ಯಾಸ ತೆಗೆದುಕೊಳ್ಳಬಹುದು.

ಹೆಜ್ಜೆ 3: ಆಕಾರ

ಸ್ಕೇಲ್ ಪರೀಕ್ಷೆಯಲ್ಲಿ ಸಂದಿ ಇಲ್ಲ ಅಂತಾದರೆ ನೇರ ಬ್ಯಾಂಡ್ ತೆಗೆದುಕೊಳ್ಳಿ. ಬೇರೆ ಯೋಚನೆ ಬೇಡ. ನೇರ ಬ್ಯಾಂಡ್ ಒಂಟಿಯಾಗಿಯೂ ಚೆನ್ನಾಗಿ ಕಾಣುತ್ತದೆ, ಬೇರೆ ಬೆರಳಿಗೂ ಹಾಕಬಹುದು, ಮುಂದೆ ಮೂರನೇ ಉಂಗುರ ಬಂದರೂ ಹೊಂದುತ್ತದೆ.

ಸಂದಿ ಇದ್ದರೆ ದಾರಿಗಳು ನಾಲ್ಕು. ಮೊದಲನೆಯದು, ಮಧ್ಯದಲ್ಲಿ ಸ್ವಲ್ಪ ಬಾಗಿ ಹರಳಿಗೆ ಜಾಗ ಬಿಡುವ ಬ್ಯಾಂಡ್. ಎರಡನೆಯದು, ಇಂಗ್ಲಿಷಿನ ವಿ ಅಕ್ಷರದ ಆಕಾರದ್ದು. ಇದನ್ನು ಅಂಗಡಿಯವರು ಶೆವ್ರಾನ್ ಅಂತ ತೋರಿಸುತ್ತಾರೆ. ಆದರೆ ಇದು ನಮಗೆ ಹೊಸದೇನಲ್ಲ. ನಮ್ಮ ವಂಕಿ ಉಂಗುರದ ಆಕಾರವೇ ಇದು. ತೋಳಿಗೆ ಕಟ್ಟುವ ವಂಕಿಯ ಕೊಂಕನ್ನೇ ಬೆರಳಿಗೆ ಇಳಿಸಿದ ಉಂಗುರ ಅದು. ಅಕ್ಕಸಾಲಿಗೆ "ತೆಳುವಾದ ವಂಕಿ, ಒಂದೇ ಸಾಲು ವಜ್ರ, ಕೊಂಕು ಇಷ್ಟೇ ಆಳ" ಅಂದರೆ ತಕ್ಷಣ ಅರ್ಥವಾಗುತ್ತದೆ. ಸಾಲಿಟೇರ್ ಆ ಕೊಂಕಿನೊಳಗೆ ಬಂದು ಕೂರುತ್ತದೆ. ದುಂಡು ಹರಳಿಗೂ, ತುದಿ ಚೂಪಾದ ಪೇರ್, ಮಾರ್ಕೀಸ್ ಆಕಾರಗಳಿಗೂ ಇದು ಒಪ್ಪುತ್ತದೆ. ಬೆರಳು ಗಿಡ್ಡ ಇರುವವರಿಗೆ ಉದ್ದವಾಗಿ ಕಾಣಿಸುತ್ತದೆ. ಒಂಟಿಯಾಗಿ ಹಾಕಿದರೂ ಅದು ಪೂರ್ತಿ ಉಂಗುರವೇ, ಬಾಗಿದ ಬ್ಯಾಂಡಿನಂತೆ ಏನೋ ಕಳೆದುಹೋದ ಹಾಗೆ ಕಾಣುವುದಿಲ್ಲ. ನನಗೆ ಕೇಳಿದರೆ ಸಂದಿಯ ಸಮಸ್ಯೆಗೆ ಇದಕ್ಕಿಂತ ಚೆಂದದ ಉತ್ತರ ಇನ್ನೊಂದಿಲ್ಲ.

ಕೊಂಕಿನ ಆಳ ಹೇಳುವಾಗ ಅಂದಾಜು ಬೇಡ. ನಿಶ್ಚಿತಾರ್ಥದ ಉಂಗುರವನ್ನೇ ಅಂಗಡಿಗೆ ಒಯ್ಯಿರಿ, ಅಕ್ಕಸಾಲಿ ಅದರ ಮೇಲೆಯೇ ಮೇಣದ ಅಚ್ಚು ಹೊಂದಿಸಿ ನೋಡಲಿ. ಈಗ ಹೆಚ್ಚಿನವರು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ ಮೇಣದ ಮಾದರಿ ಮುದ್ರಿಸುತ್ತಾರೆ. ಚಿನ್ನ ಎರಕ ಹೊಯ್ಯುವ ಮೊದಲು ಆ ಮಾದರಿಯನ್ನು ನಿಮ್ಮ ಉಂಗುರದ ಪಕ್ಕ ಇಟ್ಟು ನೋಡಲು ಕೇಳಿ. ಬದಲಾವಣೆ ಮಾಡಿಸಲು ಅದೇ ಸರಿಯಾದ ಹೊತ್ತು.

ಮೂರನೆಯದು, ಮಧ್ಯದಲ್ಲಿ ತೆರೆದಿರುವ ಬ್ಯಾಂಡ್. ಎರಡು ತುದಿಗಳು ಹರಳಿನ ಅಕ್ಕಪಕ್ಕ ಬಂದು ನಿಲ್ಲುತ್ತವೆ. ನೋಡಲು ಚೆಂದ, ಆದರೆ ತೆಳುವಾಗಿದ್ದರೆ ಬಾಗುತ್ತದೆ. ನಾಲ್ಕನೆಯದು, ಸಂದಿಯನ್ನು ಒಪ್ಪಿಕೊಂಡು ನೇರ ಬ್ಯಾಂಡನ್ನೇ ಹಾಕುವುದು. ಒಂದೂವರೆ ಮಿ.ಮೀ. ಸಮನಾದ ಸಂದಿ ಬೇಕೆಂದೇ ಬಿಟ್ಟಂತೆ ಕಾಣುತ್ತದೆ. ಕೂದಲೆಳೆಯಷ್ಟು ಸಂದಿಯೇ ಕಣ್ಣಿಗೆ ಚುಚ್ಚುವುದು.

ಎರಡನ್ನೂ ಬೆಸುಗೆ ಹಾಕಿ ಒಂದೇ ಮಾಡಿಕೊಡುತ್ತೇವೆ ಅನ್ನುವವರಿದ್ದಾರೆ. ತಿರುಗುವುದು, ಉಜ್ಜುವುದು ತಪ್ಪುತ್ತದೆ ನಿಜ. ಆದರೆ ಮತ್ತೆ ಬೇರೆ ಮಾಡಿದರೆ ಗುರುತು ಉಳಿಯಬಹುದು. ನಿಶ್ಚಿತಾರ್ಥದ ಉಂಗುರವನ್ನು ಒಂಟಿಯಾಗಿ ಹಾಕುವ ದಿನಗಳೂ ಬರುತ್ತವೆ. ಕನಿಷ್ಠ ಒಂದು ವರ್ಷ ಬಿಡಿಬಿಡಿಯಾಗಿ ಹಾಕಿ ನೋಡಿ, ಆಮೇಲೆ ತೀರ್ಮಾನಿಸಿ.

ಹೆಜ್ಜೆ 4: ಲೋಹ

ಸರಳ ನಿಯಮ: ಅದೇ ಲೋಹ, ಅದೇ ಕ್ಯಾರೆಟ್. ಇದು ಬರೀ ಬಣ್ಣದ ಮಾತಲ್ಲ. ಎರಡು ಉಂಗುರಗಳು ದಿನವಿಡೀ ಒಂದಕ್ಕೊಂದು ಉಜ್ಜುತ್ತವೆ. ಗಟ್ಟಿ ಇದ್ದದ್ದು ಉಳಿಯುತ್ತದೆ, ಮೆತ್ತಗಿದ್ದದ್ದು ಸವೆಯುತ್ತದೆ. 22 ಕ್ಯಾರೆಟ್ ಮೆತ್ತಗಿನ ಚಿನ್ನ. 18 ಕ್ಯಾರೆಟ್‌ನಲ್ಲಿ ಕಾಲು ಭಾಗ ತಾಮ್ರ, ಬೆಳ್ಳಿ ಮುಂತಾದ ಲೋಹ ಸೇರಿರುವುದರಿಂದ ಗಟ್ಟಿ. ಪ್ರಾಂಗ್ ಹರಳನ್ನು ಬಿಗಿಯಾಗಿ ಹಿಡಿಯಬೇಕು ಅಂತಲೇ ವಜ್ರದ ಒಡವೆಗಳನ್ನು ಹೆಚ್ಚಾಗಿ 18 ಕ್ಯಾರೆಟ್‌ನಲ್ಲಿ ಮಾಡುತ್ತಾರೆ.

ಇಲ್ಲೇ ನಮ್ಮ ಮನೆಗಳಲ್ಲಿ ಪೇಚು ಬರುವುದು. ಹಿರಿಯರು ನಿಶ್ಚಿತಾರ್ಥಕ್ಕೆ 22 ಕ್ಯಾರೆಟ್ ಉಂಗುರ ಮಾಡಿಸಿರುತ್ತಾರೆ. ಈಗ ಪಕ್ಕಕ್ಕೆ ಬರುವ ವಜ್ರದ ಬ್ಯಾಂಡ್ 18 ಕ್ಯಾರೆಟ್. ಹಾಗಾದರೆ ಏನು ಮಾಡುವುದು? ಬ್ಯಾಂಡಿನ ಪಕ್ಕದ ಅಂಚು ನುಣುಪಾದ ಲೋಹದ್ದಾಗಿರಲಿ, ಹರಳು ಅಂಚಿನಿಂದ ಒಳಗೆ ಇರಲಿ. ಇಲ್ಲವೇ ಎರಡನ್ನೂ ಬೇರೆ ಬೆರಳಿಗೆ ಹಾಕಿ. ಹಳೆಯ ಉಂಗುರದಲ್ಲಿ ಹೆಸರು ಕೆತ್ತಿಸಿದ್ದರೆ, ತೆಳುವಾಗಿದ್ದರೆ ಎರಡನೇ ದಾರಿಯೇ ಸರಿ.

ಅಮೆರಿಕದಲ್ಲಿ ಕೊಂಡ ನಿಶ್ಚಿತಾರ್ಥದ ಉಂಗುರಗಳು ಹೆಚ್ಚಾಗಿ 14 ಕ್ಯಾರೆಟ್. ಅಲ್ಲಿರುವ ಮಗಳಿಗೋ ಸೊಸೆಗೋ ಬೆಂಗಳೂರಿನಲ್ಲಿ ಬ್ಯಾಂಡ್ ಮಾಡಿಸುವವರು ಇದನ್ನು ಮೊದಲೇ ಕೇಳಿಕೊಳ್ಳಿ. 14 ಕ್ಯಾರೆಟ್ ಹಳದಿ ಸ್ವಲ್ಪ ಮಂಕು, 18ರದ್ದು ಗಾಢ. ಪಕ್ಕಪಕ್ಕ ಬಂದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಇಲ್ಲೂ 14 ಕ್ಯಾರೆಟ್ ಮಾಡಿಕೊಡುವವರಿದ್ದಾರೆ, ಕೇಳಬೇಕಷ್ಟೇ.

ಬೇಕೆಂದೇ ಬೇರೆ ಬಣ್ಣ ಹಾಕುವುದಾದರೆ ಸ್ಪಷ್ಟವಾಗಿ ಬೇರೆ ಇರಲಿ. ಹಳದಿಯ ಪಕ್ಕ ಬಿಳಿ, ಅಥವಾ ಹಳದಿಯ ಪಕ್ಕ ರೋಸ್ ಗೋಲ್ಡ್. ಬಿಳಿ ಚಿನ್ನದ ಮೇಲೆ ರೋಡಿಯಂ ಲೇಪನ ಇರುತ್ತದೆ. ದಿನಾ ಹಾಕಿದರೆ ಅದು ಸವೆದು ಒಳಗಿನ ತಿಳಿಹಳದಿ ಕಾಣುತ್ತದೆ, ಮತ್ತೆ ಲೇಪನ ಹಾಕಿಸಬೇಕು. ಕೆಲವು ಬಿಳಿ ಚಿನ್ನದಲ್ಲಿ ನಿಕ್ಕಲ್ ಇರುತ್ತದೆ. ಅಗ್ಗದ ಕಿವಿಯೋಲೆ ಹಾಕಿದರೆ ಕಿವಿ ತುರಿಸುವವರು ನಿಕ್ಕಲ್ ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ. ಪ್ಲಾಟಿನಂಗೆ ಲೇಪನ ಬೇಕಿಲ್ಲ, ಆದರೆ ಭಾರ ಜಾಸ್ತಿ. ಸೈಜ್ ಬದಲಿಸುವ ಕೆಲಸವನ್ನು ಅದರಲ್ಲಿ ಪಳಗಿದವರೇ ಮಾಡಬೇಕು.

ಹೆಜ್ಜೆ 5: ಹರಳು ಮತ್ತು ಕೂರಿಸುವ ಬಗೆ

ಚಿನ್ನದ ಕ್ಯಾರೆಟ್ ಶುದ್ಧತೆಯ ಅಳತೆ, ವಜ್ರದ ಕ್ಯಾರೆಟ್ ತೂಕದ್ದು. ವಜ್ರದಲ್ಲಿ ಒಂದು ಕ್ಯಾರೆಟ್ ಅಂದರೆ 200 ಮಿ.ಗ್ರಾಂ. ಅದರಲ್ಲಿ ನೂರು ಸೆಂಟ್. ಬ್ಯಾಂಡಿನ ಹರಳುಗಳನ್ನು ಮಿ.ಮೀ. ಲೆಕ್ಕದಲ್ಲಿ ಯೋಚಿಸುವುದೇ ಸುಲಭ. ದುಂಡು ಹರಳು 1.3 ಮಿ.ಮೀ. ಇದ್ದರೆ ಸುಮಾರು 1 ಸೆಂಟ್. 1.7 ಮಿ.ಮೀ. ಸುಮಾರು 2 ಸೆಂಟ್. 2 ಮಿ.ಮೀ. ಸುಮಾರು 3 ಸೆಂಟ್. 3 ಮಿ.ಮೀ. ಆದರೆ 10 ಸೆಂಟಿನ ಹತ್ತಿರ. ಅಗಲ ಸ್ವಲ್ಪ ಹೆಚ್ಚಿದರೂ ತೂಕ ಎಷ್ಟು ಜಿಗಿಯುತ್ತದೆ ನೋಡಿ, ಬೆಲೆಯೂ ಹಾಗೆಯೇ ಜಿಗಿಯುತ್ತದೆ.

ನಮ್ಮ ಉದಾಹರಣೆಯ 5 ಮಿ.ಮೀ. ಸಾಲಿಟೇರ್ ಪಕ್ಕಕ್ಕೆ 1.5ರಿಂದ 2 ಮಿ.ಮೀ. ಹರಳುಗಳ ಸಾಲು ಸರಿಯಾಗುತ್ತದೆ. 2 ಮಿ.ಮೀ.ನ 11 ಹರಳು ಅಂದರೆ ಸುಮಾರು 33 ಸೆಂಟ್. 3 ಮಿ.ಮೀ. ಹರಳು ಹಾಕಿದರೆ ಕಣ್ಣು ಬ್ಯಾಂಡಿನ ಕಡೆಗೇ ಹೋಗುತ್ತದೆ, ನಿಶ್ಚಿತಾರ್ಥದ ಹರಳು ಚಿಕ್ಕದಾಗಿ ಕಾಣುತ್ತದೆ. ಬ್ಯಾಂಡಿನ ಅಗಲವೂ ಹಳೆಯ ಪಟ್ಟಿಯಷ್ಟೇ ಇರಲಿ, ಇಲ್ಲವೇ ಒಂದು ಕೂದಲು ಕಡಿಮೆ ಇರಲಿ.

ಬಣ್ಣದ ದರ್ಜೆ ಡಿಯಿಂದ ಝೆಡ್‌ವರೆಗೆ. ಡಿ ಅಂದರೆ ಬಣ್ಣವೇ ಇಲ್ಲದ್ದು. ಕೆಳಗೆ ಹೋದಂತೆ ಹಳದಿ ಛಾಯೆ. ಶುದ್ಧತೆಯನ್ನು ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸಿನಡಿ ನೋಡಿ, ಒಳಗಿನ ಚುಕ್ಕೆ ಕಡಿಮೆ ಇರುವುದರಿಂದ ಹೆಚ್ಚಿರುವುದರ ಕಡೆಗೆ ವಿವಿಎಸ್, ವಿಎಸ್, ಎಸ್‌ಐ ಅಂತ ಹೇಳುತ್ತಾರೆ. ನಮ್ಮ ಅಂಗಡಿಗಳಲ್ಲಿ ಇವನ್ನು ಜೋಡಿಯಾಗಿ ಹೇಳುವುದು ರೂಢಿ: "ಇಎಫ್ ವಿವಿಎಸ್", "ಜಿಎಚ್ ವಿಎಸ್", "ಐಜೆ ಎಸ್‌ಐ". ಸೇಲ್ಸ್‌ನವರು ಮೊದಲು ತೋರಿಸುವುದು ಇಎಫ್ ವಿವಿಎಸ್.

ಒಂದೂವರೆ ಮಿ.ಮೀ. ಹರಳಿಗೆ ವಿವಿಎಸ್ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಅಷ್ಟು ಚಿಕ್ಕ ಹರಳಿನೊಳಗಿನ ಚುಕ್ಕೆ ಬರಿಗಣ್ಣಿಗೆ ಕಾಣದು. ವಿಎಸ್ ಧಾರಾಳ ಸಾಕು, ಒಳ್ಳೆಯ ಎಸ್‌ಐ ಕೂಡ ನಡೆಯುತ್ತದೆ. ಬಣ್ಣ ಮಾತ್ರ ಮಧ್ಯದ ಹರಳಿನ ಹತ್ತಿರ ಇರಬೇಕು. ಅದು ಎಚ್ ಆಗಿದ್ದರೆ ಪಕ್ಕದವು ಜಿಎಚ್ ಇರಲಿ. ಅದರ ಪಕ್ಕ ಡಿ ಬಣ್ಣದ ಸಾಲು ಕೂರಿಸಿದರೆ ಮಧ್ಯದ ಹರಳೇ ಹಳದಿಯಾಗಿ ಕಾಣುತ್ತದೆ. ಜಾಸ್ತಿ ದುಡ್ಡು ಕೊಟ್ಟು ಹಳೆಯ ಉಂಗುರದ ಅಂದ ಕೆಡಿಸಿದಂತಾಯಿತು ಅಲ್ವಾ? ಹಳದಿ ಚಿನ್ನದಲ್ಲಾದರೆ ಐ, ಜೆ ಕೂಡ ಬೆಚ್ಚಗೆ ಒಪ್ಪುತ್ತವೆ. ಬಿಳಿ ಚಿನ್ನ, ಪ್ಲಾಟಿನಂಗೆ ಜಿಎಚ್‌ಗಿಂತ ಕೆಳಗೆ ಹೋಗಬೇಡಿ.

ಉಳಿಸಿದ ದುಡ್ಡನ್ನು ಕೆಲಸಗಾರಿಕೆಗೆ ಹಾಕಿ. ಹರಳು ಉದುರುತ್ತದೋ ನಿಲ್ಲುತ್ತದೋ ಅನ್ನುವುದು ಅದರ ಶುದ್ಧತೆಯ ಮೇಲಲ್ಲ, ಕೂರಿಸಿದ ಕೈ ಮೇಲೆ ನಿಂತಿದೆ.

ಕೂರಿಸುವ ಬಗೆಯಲ್ಲಿ ಜೋಡಿ ಉಂಗುರಕ್ಕೆ ಒಂದು ವಿಶೇಷ ಎಚ್ಚರಿಕೆ ಬೇಕು. ವಜ್ರವನ್ನು ಕೊಯ್ಯಲು ವಜ್ರವೇ ಬೇಕು ಅನ್ನುತ್ತಾರಲ್ಲ, ಅದು ಇಲ್ಲಿ ನಿಜವಾಗಿ ನಡೆಯುತ್ತದೆ. ಪಕ್ಕದ ಅಂಚಿನಲ್ಲಿ ಹರಳು ಹೊರಗೆ ಕಾಣುವ ಬ್ಯಾಂಡ್ ಹಾಕಿದರೆ ಅದು ಹಳೆಯ ಉಂಗುರದ ಚಿನ್ನವನ್ನು ಗರಗಸದಂತೆ ತಿನ್ನುತ್ತದೆ. ಅಲ್ಲಿಯೂ ಹರಳಿದ್ದರೆ ಎರಡರ ಅಂಚೂ ಚೆಕ್ಕೆ ಏಳಬಹುದು. ಗಟ್ಟಿ ಅಂದ ಮಾತ್ರಕ್ಕೆ ವಜ್ರ ಒಡೆಯುವುದಿಲ್ಲ ಅಂತಲ್ಲ. ಕೆಲವು ದಿಕ್ಕುಗಳಲ್ಲಿ ಪೆಟ್ಟು ಬಿದ್ದರೆ ಅದು ಸೀಳುತ್ತದೆ.

ಹಾಗಾಗಿ ಉಜ್ಜುವ ಬದಿಯಲ್ಲಿ ಲೋಹದ ಗೋಡೆ ಇರುವ ಬಗೆಯೇ ಮೇಲು. ಚಾನೆಲ್ ಸೆಟ್ಟಿಂಗ್‌ನಲ್ಲಿ ಹರಳುಗಳು ಎರಡು ಗೋಡೆಗಳ ನಡುವೆ ಸಾಲಾಗಿ ಕೂರುತ್ತವೆ. ಬೆಝೆಲ್‌ನಲ್ಲಿ ಪ್ರತಿ ಹರಳಿನ ಸುತ್ತ ಚಿನ್ನದ ಕಟ್ಟು ಇರುತ್ತದೆ. ಪಾವೆಯಲ್ಲಿ ಸಣ್ಣ ಮಣಿಯಂಥ ಚಿನ್ನ ಹರಳನ್ನು ಹಿಡಿದಿರುತ್ತದೆ. ಹೊಳಪು ಜಾಸ್ತಿ, ಆದರೆ ಮಣಿ ಸವೆದರೆ ಹರಳು ಹೋಗುತ್ತದೆ. ಅಂಚಿನಲ್ಲಿ ತೆಳುವಾದ ಚಿನ್ನದ ಗೆರೆ ಬಿಟ್ಟಿರುವ ಪಾವೆ ಸಿಕ್ಕರೆ ತೆಗೆದುಕೊಳ್ಳಬಹುದು. ಹರಳಿನ ಸುತ್ತ ಹೊಳೆಯುವ ತಟ್ಟೆಯಂಥ ಲೋಹ ಇಟ್ಟು ದೊಡ್ಡದಾಗಿ ತೋರಿಸುವ ಮಿರಾಕಲ್ ಪ್ಲೇಟ್ ಬ್ಯಾಂಡ್ ಮಾತ್ರ ನಿಜವಾದ ಸಾಲಿಟೇರ್ ಪಕ್ಕ ಬೇಡ, ಅಲ್ಲಿ ಅದು ಸಪ್ಪೆಯಾಗುತ್ತದೆ.

ಪೂರ್ತಿ ಸುತ್ತ ವಜ್ರ ಇರುವ ಎಟರ್ನಿಟಿ ಬ್ಯಾಂಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನೋಡಲು ಅದ್ಭುತ. ದಿನಾ ಹಾಕಲು ಬೇಡ ಅನ್ನುವುದೇ ನನ್ನ ಸಲಹೆ. ಅದರ ಸೈಜ್ ಬದಲಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಅಂಗೈ ಕಡೆಯ ಹರಳುಗಳು ಸ್ಟೀಲ್ ಪಾತ್ರೆ, ಸ್ಕೂಟರ್ ಹ್ಯಾಂಡಲ್, ಬಸ್ಸಿನ ಕಂಬಿಗೆ ದಿನಾ ತಾಗುತ್ತವೆ. ಮೇಲಿನ ಅರ್ಧಕ್ಕೆ ಮಾತ್ರ ಹರಳಿರುವ ಬ್ಯಾಂಡ್ ಬೆರಳಲ್ಲಿ ಅಷ್ಟೇ ತುಂಬಿದಂತೆ ಕಾಣುತ್ತದೆ, ಖರ್ಚೂ ಕಡಿಮೆ.

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವೂ ನಿಜವಾದ ವಜ್ರವೇ, ಅದೇ ಇಂಗಾಲದ ಹರಳು. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಅಂಗಡಿಗಳಲ್ಲಿ ಇಟ್ಟಿರುವ ಸಾಮಾನ್ಯ ಪೆನ್ನಿನಂಥ ಟೆಸ್ಟರ್‌ಗೂ ತಿಳಿಯದು. ಬೆಲೆ ತುಂಬಾ ಕಡಿಮೆ, ವಾಪಸ್ ಮಾರುವಾಗಲೂ ಸಿಗುವುದು ಕಡಿಮೆ. ಬ್ಯಾಂಡಿಗೆ ಅದನ್ನು ಹಾಕಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬಿಲ್ಲಿನಲ್ಲಿ ಹಾಗೆಂದು ಬರೆದಿರಬೇಕು. ಗಣಿಯ ವಜ್ರಕ್ಕೆ ದುಡ್ಡು ಕೊಡುತ್ತಿದ್ದರೆ, ಸಣ್ಣ ಹರಳುಗಳನ್ನೂ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದ್ದೀರಾ ಅಂತ ನೇರವಾಗಿ ಕೇಳಿ.

ಹೆಜ್ಜೆ 6: ಮನೆಯಲ್ಲೇ ಹಳೆಯ ವಜ್ರ ಇದ್ದರೆ

ಎಷ್ಟೋ ಮನೆಗಳಲ್ಲಿ ಅಜ್ಜಿಯ ಏಳು ಕಲ್ಲಿನ ಓಲೆಯೋ, ವಜ್ರದ ಬೇಸರಿಯೋ ಲಾಕರಿನಲ್ಲಿ ಸುಮ್ನೆ ಕೂತಿರುತ್ತದೆ. ಒಂದು ಜೊತೆ ಓಲೆಯಲ್ಲಿ 14 ಹರಳು. ಒಂದು ಬ್ಯಾಂಡಿಗೆ ಅಷ್ಟು ಸಾಕು. ಹೊಸ ಹರಳು ಕೊಳ್ಳುವುದಕ್ಕಿಂತ ಇದು ನನಗೆ ತುಂಬಾ ಇಷ್ಟವಾದ ದಾರಿ. ಆದರೆ ಆತುರ ಬೇಡ.

ಮೊದಲು ಮನೆಯ ಹಿರಿಯರನ್ನು ಕೇಳಿ. ಒಡವೆ ಮುರಿಸುವುದು ಅಂದರೆ ಅವರಿಗೆ ಬೇರೆಯೇ ಭಾವನೆ ಇರುತ್ತದೆ. ಒಪ್ಪಿದರೆ ಓಲೆಯ ಹಿಂದು ಮುಂದು ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಅಕ್ಕಸಾಲಿಯ ಲೆನ್ಸಿನಲ್ಲಿ ನೀವೇ ಪ್ರತಿ ಹರಳನ್ನೂ ನೋಡಿ. ಚೆಕ್ಕೆ, ಬಿರುಕು ಇದ್ದರೆ ಬಿಚ್ಚುವ ಮೊದಲೇ ಇಬ್ಬರೂ ನೋಡಿ ಒಪ್ಪಿಕೊಂಡಿರಬೇಕು. ಹಳೆಯ ಒಡವೆಗಳಲ್ಲಿ ಹರಳಿನ ಹಿಂಭಾಗ ಮುಚ್ಚಿದ್ದರೆ ಒಳಗೆ ಎಷ್ಟು ಆಳವಿದೆ ಅಂತ ಬಿಚ್ಚಿದ ಮೇಲೆಯೇ ಗೊತ್ತಾಗುವುದು. ಬಿಚ್ಚಿದ ತಕ್ಷಣ ನಿಮ್ಮ ಎದುರೇ ಎಣಿಸಿ, ಸೆಂಟ್ ಲೆಕ್ಕದಲ್ಲಿ ತೂಗಿಸಿ, ಚೀಟಿ ಬರೆಸಿಕೊಳ್ಳಿ. ಉಳಿದ ಚಿನ್ನದ ತೂಕವನ್ನೂ ಬರೆಸಿ.

ಹಳೆಯ ಹರಳುಗಳು ಒಂದೇ ಅಳತೆ ಇರುವುದಿಲ್ಲ. ಯಂತ್ರದಲ್ಲಿ ಮಾಡಿದ ಸಿದ್ಧ ಬ್ಯಾಂಡಿಗೆ ಅವು ಕೂರುವುದಿಲ್ಲ, ಕೈಯಲ್ಲೇ ಮಾಡಿಸಬೇಕು. ಒಂದೇ ಗಾತ್ರಕ್ಕೆ ಹತ್ತಿರದವುಗಳನ್ನು ಮೇಲಕ್ಕೆ ಆರಿಸಿ, ಉಳಿದವನ್ನು ತುದಿಗಳಿಗೆ ಬಿಡಿ. ಹಳೆಯ ಕಟಿಂಗಿನ ಹೊಳಪೂ ಬೇರೆ. ಹೊಸ ಬ್ರಿಲಿಯಂಟ್ ಹರಳು ಸಣ್ಣ ಸಣ್ಣ ಕಿಡಿಗಳಾಗಿ ಮಿನುಗುತ್ತದೆ. ಹಳೆಯದು ದೊಡ್ಡದಾಗಿ, ಮೆಲ್ಲಗೆ ಬೆಳಗುತ್ತದೆ. ಎರಡೂ ಪಕ್ಕಪಕ್ಕ ಬಂದಾಗ ಅದು ದೋಷವಲ್ಲ, ನೋಡುವವರಿಗೆ ಇಷ್ಟವಾಗುವ ವ್ಯತ್ಯಾಸ. ಹಳದಿ ಚಿನ್ನದಲ್ಲಿ, ಬೆಝೆಲ್ ಕಟ್ಟಿನಲ್ಲಿ ಕೂರಿಸಿದರೆ ಚೆನ್ನಾಗಿ ಕಾಣುತ್ತದೆ, ಹರಳಿನ ಅಂಚಿಗೂ ರಕ್ಷಣೆ.

ಹೆಜ್ಜೆ 7: ಸೈಜ್

ನಮ್ಮಲ್ಲಿ ಬಳಸುವ ಸೈಜ್ ಸಂಖ್ಯೆ ಹೆಚ್ಚು ಕಡಿಮೆ ಒಳಸುತ್ತಳತೆಯ ಮಿ.ಮೀ.ನಿಂದ 40 ಕಳೆದದ್ದು. 52 ಮಿ.ಮೀ. ಸುತ್ತಳತೆ ಅಂದರೆ ಸುಮಾರು 12. ಆದರೆ ನಿಶ್ಚಿತಾರ್ಥದ ಉಂಗುರ 12 ಅಂದ ಮಾತ್ರಕ್ಕೆ ಬ್ಯಾಂಡೂ 12 ಅಂತ ಹೇಳಿಬಿಡಬೇಡಿ. ಎರಡೂ ಸೇರಿ ಅಗಲವಾದಾಗ ಬೆರಳನ್ನು ಜಾಸ್ತಿ ಬಿಗಿಯುತ್ತದೆ. ಎರಡರ ಅಗಲ ಸೇರಿ 5 ಮಿ.ಮೀ. ದಾಟಿದರೆ ಸ್ವಲ್ಪ ದೊಡ್ಡ ಸೈಜ್ ಬೇಕಾಗಬಹುದು. ಅಂಗಡಿಯಲ್ಲಿರುವ ಅಳತೆಯ ಉಂಗುರಗಳನ್ನು ನಿಶ್ಚಿತಾರ್ಥದ ಉಂಗುರದ ಜೊತೆಗೇ ಹಾಕಿ ನೋಡಿ.

ಸಂಜೆ ಹೊತ್ತು ಅಳತೆ ಕೊಡಿ. ಬೆಳಿಗ್ಗೆ ಬೆರಳು ಸಣ್ಣಗಿರಬಹುದು, ಬೇಸಿಗೆಯಲ್ಲಿ ಊದಿಕೊಳ್ಳುತ್ತದೆ. ಬಸಿರಿನಲ್ಲಿ ಇನ್ನೂ ಹೆಚ್ಚು. ಗೆಣ್ಣು ದಪ್ಪ ಇದ್ದು ಬುಡ ಸಣ್ಣಗಿರುವವರಿಗೆ ಉಂಗುರ ತಿರುಗುತ್ತಲೇ ಇರುತ್ತದೆ. ಒಳಭಾಗದಲ್ಲಿ ಎರಡು ಚಿಕ್ಕ ಚಿನ್ನದ ಗುಬುಟು ಹಾಕಿಸಿದರೆ ನಿಲ್ಲುತ್ತದೆ.

ಹೆಜ್ಜೆ 8: ಅಂಗಡಿಯಲ್ಲಿ

ಅಂಗಡಿಯ ದೀಪಗಳಡಿ ಎಲ್ಲ ವಜ್ರವೂ ಹೊಳೆಯುತ್ತದೆ. ಎರಡೂ ಉಂಗುರ ಹಾಕಿಕೊಂಡು ಬಾಗಿಲ ಬಳಿ ಬಂದು ಹಗಲು ಬೆಳಕಲ್ಲಿ ನೋಡಿ. ಕೈ ಮುಷ್ಟಿ ಮಾಡಿ, ಬಿಡಿಸಿ, ಬ್ಯಾಗ್ ಎತ್ತಿ. ಪಕ್ಕದ ಬೆರಳಿಗೆ ಚುಚ್ಚುತ್ತದೆಯೇ, ಒಂದರ ಮೇಲೊಂದು ಹತ್ತುತ್ತದೆಯೇ ಗಮನಿಸಿ. ಪಟ್ಟಿಯ ದಪ್ಪ ಒಂದೂವರೆ ಮಿ.ಮೀ.ಗಿಂತ ಕಡಿಮೆ ಇದ್ದರೆ ದಿನಬಳಕೆಗೆ ಬೇಡ, ಬಾಗುತ್ತದೆ, ಬಾಗಿದರೆ ಹರಳು ಸಡಿಲ.

ವಜ್ರ ಆಗಿಬರುತ್ತದೋ ಇಲ್ಲವೋ ಅಂತ ಕೆಲವು ದಿನ ಮನೆಯಲ್ಲಿಟ್ಟು ನೋಡುವ ಪದ್ಧತಿ ನಮ್ಮಲ್ಲಿದೆ. ಗುರುತಿನ ಗಿರಾಕಿಗಳಿಗೆ ಅಂಗಡಿಯವರು ಕೊಡುವುದೂ ಉಂಟು. ಆ ಅವಕಾಶ ಸಿಕ್ಕರೆ ಮನೆಯೊಳಗೆ ಎರಡೂ ಉಂಗುರ ಒಟ್ಟಿಗೆ ಹಾಕಿಕೊಂಡು ಓಡಾಡಿ. ಜೋಡಿ ಕೂರುತ್ತದೋ ಇಲ್ಲವೋ ಅನ್ನುವುದೂ ತಿಳಿದುಹೋಗುತ್ತದೆ.

ಹಾಲ್‌ಮಾರ್ಕ್‌ನಲ್ಲಿ ಮೂರು ಗುರುತು ಇರಬೇಕು: ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಚಿಹ್ನೆ, ಶುದ್ಧತೆ, ಪ್ರತಿ ಒಡವೆಗೂ ಬೇರೆಯೇ ಇರುವ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಬರುತ್ತದೆ, ಅಂಗಡಿಯಲ್ಲೇ ನೋಡಿ. ಇಲ್ಲಿ ಎರಡು ವಿಷಯ ನೆನಪಿರಲಿ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ತೆಳು ಬ್ಯಾಂಡ್‌ಗಳು ಈ ಮಿತಿಯೊಳಗೇ ಬಂದುಬಿಡುತ್ತವೆ. ಆಗ ಶುದ್ಧತೆಯನ್ನು ಬಿಲ್ಲಿನಲ್ಲಿ ಬರೆಸಲೇಬೇಕು. ಎರಡನೆಯದು, ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ. ವಜ್ರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ವಜ್ರಕ್ಕೆ ಐಜಿಐ, ಜಿಐಎ ಮುಂತಾದ ಲ್ಯಾಬ್‌ಗಳ ಪ್ರಮಾಣಪತ್ರ ಇರುತ್ತದೆ. ಬ್ಯಾಂಡಿನ ಸಣ್ಣ ಹರಳುಗಳಿಗೆ ಒಂದೊಂದಕ್ಕೂ ಪತ್ರ ಸಿಗುವುದಿಲ್ಲ. ಇಡೀ ಉಂಗುರಕ್ಕೆ ಒಂದು ಪತ್ರ ಕೊಡುತ್ತಾರೆ, ಅದು ಸಾಕು.

ಬಿಲ್ಲನ್ನು ಸಾಲು ಸಾಲಾಗಿ ಓದಿ. ಉಂಗುರದ ಒಟ್ಟು ತೂಕ 3.20 ಗ್ರಾಂ, ವಜ್ರ 33 ಸೆಂಟ್ ಅಂತಿಟ್ಟುಕೊಳ್ಳಿ. 33 ಸೆಂಟ್ ಅಂದರೆ 0.066 ಗ್ರಾಂ. ಹಾಗಾದರೆ ಚಿನ್ನ 3.134 ಗ್ರಾಂ. ಚಿನ್ನದ ರೇಟು ಈ ತೂಕಕ್ಕೆ ಮಾತ್ರ ಹಾಕಬೇಕು. 18 ಕ್ಯಾರೆಟ್ ರೇಟು ಆ ದಿನದ 24 ಕ್ಯಾರೆಟ್ ರೇಟಿನ ಮುಕ್ಕಾಲು ಭಾಗದ ಆಸುಪಾಸು ಇರಬೇಕು. ಆಮೇಲೆ ವಜ್ರದ ಎಣಿಕೆ, ತೂಕ, ಬಣ್ಣ-ಶುದ್ಧತೆ, ಕ್ಯಾರೆಟ್‌ಗೆ ಎಷ್ಟು ಅನ್ನುವುದು. ಆಮೇಲೆ ಮೇಕಿಂಗ್ ಚಾರ್ಜ್. ಇದರಲ್ಲೇ ಚೌಕಾಸಿಗೆ ಜಾಗ ಇರುವುದು, ಸಂಕೋಚ ಬೇಡ. ಎಲ್ಲದರ ಮೇಲೆ 3% ಜಿಎಸ್‌ಟಿ. ವಾಪಸ್ ಕೊಟ್ಟರೆ ಚಿನ್ನಕ್ಕೆಷ್ಟು, ವಜ್ರಕ್ಕೆಷ್ಟು ಅನ್ನುವುದನ್ನು ಬಾಯಿಮಾತಲ್ಲಿ ಬಿಡದೆ ಬರೆಸಿಕೊಳ್ಳಿ. ಹರಳಿನ ಮಿ.ಮೀ. ಅಳತೆಯನ್ನೂ ಅಲ್ಲೇ ಬರೆಸಿ.

ಹಾಕಿಕೊಳ್ಳಲು ಶುರು ಮಾಡಿದ ಮೇಲೆ

ವಾರಕ್ಕೊಮ್ಮೆ ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಸ್ವಲ್ಪ ಹೊತ್ತು ನೆನೆಸಿ. ಮಕ್ಕಳ ಮೆತ್ತನೆಯ ಬ್ರಷ್‌ನಲ್ಲಿ ಹರಳಿನ ಹಿಂಭಾಗ ಉಜ್ಜಿ. ಜಿಡ್ಡು ಕೂರುವುದು ಅಲ್ಲೇ. ಸಿಂಕಿನಲ್ಲಿ ತೊಳೆಯಬೇಡಿ, ಒಂದು ಬಟ್ಟಲಲ್ಲಿ ತೊಳೆಯಿರಿ. ಬ್ಲೀಚಿಂಗ್ ಪೌಡರ್, ಬಾತ್‌ರೂಮ್ ಕ್ಲೀನರ್ ಮುಟ್ಟುವಾಗ ಎರಡನ್ನೂ ತೆಗೆದಿಡಿ. ಕ್ಲೋರಿನ್‌ನಿಂದ ಚಿನ್ನದ ಜೊತೆ ಬೆರೆಸಿದ ಲೋಹಗಳು ಹಾಳಾಗುತ್ತವೆ. ತೆಗೆದಿಡುವಾಗ ಬೇರೆ ಬೇರೆ ಚೀಲದಲ್ಲಿಡಿ, ಒಂದೇ ಡಬ್ಬಿಯಲ್ಲಿ ಹಾಕಿದರೆ ವಜ್ರ ಪಕ್ಕದ ಒಡವೆಯನ್ನು ಗೀರುತ್ತದೆ.

ಆರು ತಿಂಗಳಿಗೊಮ್ಮೆ ಹತ್ತಿಯ ಚೂರನ್ನು ಹರಳುಗಳ ಮೇಲೆ ಮೆಲ್ಲಗೆ ಎಳೆಯಿರಿ. ಎಳೆ ಸಿಕ್ಕಿಹಾಕಿಕೊಂಡರೆ ಅಲ್ಲಿ ಪ್ರಾಂಗ್ ಎದ್ದಿದೆ ಅಂತ. ರೇಷ್ಮೆ ಸೀರೆಯ ಸೆರಗಿಗೆ ಉಂಗುರ ಸಿಕ್ಕಿಕೊಳ್ಳುತ್ತಿದ್ದರೂ ಅದೇ ಕಾರಣ. ಕಿವಿಯ ಹತ್ತಿರ ಹಿಡಿದು ಬೆರಳಿಂದ ತಟ್ಟಿ, ಸಣ್ಣಗೆ ಕಟಕಟ ಅಂದರೆ ಹರಳು ಸಡಿಲವಾಗಿದೆ. ಅವತ್ತಿನಿಂದಲೇ ಹಾಕುವುದು ನಿಲ್ಲಿಸಿ ಅಕ್ಕಸಾಲಿಗೆ ಕೊಡಿ. ಪ್ರಾಂಗ್ ಬಿಗಿ ಮಾಡುವ ಕೂಲಿ ಚಿಕ್ಕದು. ಅಷ್ಟರಲ್ಲಿ ಒಂದು ಹರಳು ಬಿದ್ದೇ ಹೋಗಿದ್ದರೆ, ಬಿಲ್ಲಿನಲ್ಲಿ ಬರೆಸಿಟ್ಟ ಮಿ.ಮೀ. ಅಳತೆ ಮತ್ತು ಬಣ್ಣ ತೋರಿಸಿ ಅದಕ್ಕೆ ಸರಿಹೊಂದುವ ಹರಳನ್ನೇ ಹಾಕಿಸಿ.